ಸಾಲಗಾಮೆ ರೋಡಿನ ಭಾನುವಾರದ ಹಿಸ್ಟರಿ ಬ್ಯಾಚು, ಎಂಟು ವಾರ ಹೋಗಿ ಬಂದ ಮೇಲೆ

ಹಾಸನದಲ್ಲಿ ಯುಪಿಎಸ್‌ಸಿಗೋ ಕೆಸೆಟ್‌ಗೋ ಹಿಸ್ಟರಿ ಓದ್ತಿರೋರು ಇದ್ರೆ ನೋಡಿ, ಬೇಕರಿ ಮೇಲಿನ ಮಹಡೀಲಿ ನಡೆಯೋ ವಿಶ್ವ ಇತಿಹಾಸದ ಬ್ಯಾಚು ಇದು, ಎಂಟು ವಾರ, ಫೀಸು 2,400. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಮುಂಚೆ ಬೇರೆ ಊರಲ್ಲಿ ಸೇರಿದ್ದ ಕೋಚಿಂಗಲ್ಲಿ 1812ರ ಕಾಡಿಜ್ ಸಂವಿಧಾನ, ಅಂದ್ರೆ ಸ್ಪೇನಿನ ಕಾಡಿಜ್ ಊರಲ್ಲಿ ಬರೆದ ಸಂವಿಧಾನ, ಅಂತ ಒಂದು ಸಾಲು ಬರೆಸಿ ಮುಂದಕ್ಕೆ ಹೋಗಿದ್ರು. ಇಲ್ಲಿ ಸರ್ ಅದಕ್ಕೇ ಎರಡು ಕ್ಲಾಸು ಇಟ್ರು, ಅದೂ ವಸಾಹತುಗಳ ಕಡೆಯಿಂದ ನೋಡ್ಕೊಂಡು. 1808ರಲ್ಲಿ ನೆಪೋಲಿಯನ್ ಸ್ಪೇನಿನ ರಾಜ ಏಳನೇ ಫರ್ಡಿನಾಂಡನ್ನ ಹಿಡಿದಿಟ್ಟ, ಆಮೇಲೆ ಕಾಡಿಜ್ ಬಂದರಲ್ಲಿ ಸಭೆ ಸೇರ್ತು, ಅಲ್ಲಿ ಅಮೆರಿಕದ (ಅಂದ್ರೆ ಮೆಕ್ಸಿಕೋ ಥರ ಆ ಖಂಡದಲ್ಲಿದ್ದ ಸ್ಪೇನ್ ವಸಾಹತುಗಳ) ಪ್ರತಿನಿಧಿಗಳೂ ಇದ್ರು ಫಿಲಿಪ್ಪೀನ್ಸ್‌ನವರೂ ಇದ್ರು, ಎರಡೂ ಗೋಳಾರ್ಧದ ಸ್ಪೇನಿಯರೆಲ್ಲ ಸೇರಿದ್ದೇ ಸ್ಪೇನ್ ರಾಷ್ಟ್ರ ಅಂತ ಮೊದಲನೇ ವಿಧಿಯಲ್ಲೇ ಬರೆದ್ರು. ಎಷ್ಟು ಚೆನ್ನಾಗಿದೆ ಅಂದ್ಕೊಂಡು ಬರ್ಕೋತಿದ್ದೆ. ಸರ್ ಬೋರ್ಡಲ್ಲಿ ಎರಡು ಕಾಲಂ ಎಳೆದ್ರು. ಸ್ಪೇನ್ ಸುಮಾರು 1 ಕೋಟಿ ಜನ, ಅಮೆರಿಕ ಸುಮಾರು 1.5 ಕೋಟಿ ಜನ, 70,000 ಜನಕ್ಕೆ ಒಬ್ಬ ಪ್ರತಿನಿಧಿ. "ಮೆಜಾರಿಟಿ ಯಾರದಮ್ಮ?" ಅಂದ್ರು. ಅಮೆರಿಕದ್ದು ಸರ್ ಅಂದೆ. ಮಾತಾಡದೆ ಎರಡನೇ ಕಾಲಮ್ಮಿಂದ ಒಂದಷ್ಟನ್ನ ಅಂಗೈಲೇ ಒರೆಸಿಬಿಟ್ರು. ಮೂಲನಿವಾಸಿಗಳನ್ನ ಪೌರರು ಅಂತ ಒಪ್ಪಿದ್ರು, ಆದ್ರೆ ಆಫ್ರಿಕಾ ಮೂಲದೋರಿಗೆ 22ನೇ ವಿಧಿ ಪೌರತ್ವಕ್ಕೆ ಬೇರೆ ಷರತ್ತು ಹಾಕ್ತು, 29ನೇದು ಪ್ರಾತಿನಿಧ್ಯದ ಲೆಕ್ಕದಿಂದಲೇ ಹೊರಗಿಟ್ಟಿತು. ಸೀಮೆಸುಣ್ಣ ಮೆತ್ತಿದ ಆ ಕೈ ಇನ್ನೂ ಕಣ್ಣಲ್ಲೇ ಇದೆ.

ಇನ್ನೊಂದು, ಸಾವಿರ ಜನ ಇರೋ ಊರಿಗೆಲ್ಲ ಚುನಾಯಿತ ಊರಾಡಳಿತ ಇರಬೇಕು ಅಂತ ಅದರಲ್ಲಿತ್ತು. ನಮ್ಮಲ್ಲಿ ಪಂಚಾಯ್ತಿ ಎಲೆಕ್ಷನ್ ನೋಡಿದೋರಿಗೆ ಇದು ಎಂಥಾ ಬದಲಾವಣೆ ಅಂತ ಬಿಡಿಸಿ ಹೇಳೋದೇ ಬೇಡ. ಮೆಕ್ಸಿಕೋದ ಮೂಲನಿವಾಸಿ ಹಳ್ಳಿಗಳೂ ಇದನ್ನ ಬಳಸ್ಕೊಂಡ್ವು. ಆದ್ರೆ 1812ರ ನವೆಂಬರಲ್ಲಿ ಮೆಕ್ಸಿಕೋ ನಗರದ ಚುನಾವಣೇಲಿ ಸ್ಪೇನಿಂದ ಬಂದೋರಲ್ಲದೆ ಅಲ್ಲೇ ಹುಟ್ಟಿದೋರು ಗೆದ್ದಾಗ ಸ್ಪೇನಿನ ವೈಸರಾಯ್ ಚುನಾವಣೆಯ ಮುಂದಿನ ಹಂತ ತಡೆದ, ಪತ್ರಿಕಾ ಸ್ವಾತಂತ್ರ್ಯನೂ ಕಿತ್ಕೊಂಡ. 1814ರಲ್ಲಿ ರಾಜ ವಾಪಸ್ ಬಂದು ಇಡೀ ಸಂವಿಧಾನನೇ ರದ್ದು ಮಾಡಿದ. ಮಾರನೇ ವರ್ಷ ಫಿಲಿಪ್ಪೀನ್ಸ್‌ನ ಇಲೋಕೋಸ್ ಕಡೆ ಜನ ದಂಗೆ ಎದ್ರು, ಸಿಕ್ಕಿದ ಸಮಾನತೆ ಹೋಯ್ತು ಅಂತ.

1820ರದ್ದು ಕೇಳಿ ಕ್ಲಾಸೆಲ್ಲ ಗಪ್‌ಚುಪ್. ಅಮೆರಿಕದ ಬಂಡಾಯ ಅಡಗಿಸೋಕೆ ಹಡಗು ಹತ್ತಬೇಕಾಗಿದ್ದ ಸೈನ್ಯನೇ ಸ್ಪೇನಲ್ಲಿ ತಿರುಗಿಬಿದ್ದು ಸಂವಿಧಾನ ವಾಪಸ್ ತರಿಸ್ತು, ಅದೇ ಸಂವಿಧಾನಕ್ಕೆ ಹೆದರಿದ ಮೆಕ್ಸಿಕೋದ ಚರ್ಚಿನೋರು ಮಿಲಿಟರಿಯೋರು 1821ರಲ್ಲಿ ಸೇನಾಧಿಕಾರಿ ಇತುರ್ಬಿದೆ ಜೊತೆ ಸೇರಿ ಸ್ವಾತಂತ್ರ್ಯದ ಪರ ನಿಂತ್ರು. ಪೋರ್ಚುಗಲ್ಲಿನ 1822ರ ಸಂವಿಧಾನಕ್ಕೂ ಕಾಡಿಜ್‌ದೇ ಮಾದರಿಯಂತೆ, ಕಾರವಾರದ ಪಕ್ಕದ ಗೋವಾದಿಂದಲೂ ಆಗ ಲಿಸ್ಬನ್ನಿಗೆ ಪ್ರತಿನಿಧಿಗಳನ್ನ ಆರಿಸಿದ್ರು. ಇಷ್ಟು ಹತ್ತಿರದ ವಿಷಯ ಡಿಗ್ರೀಲಿ ಯಾರೂ ಹೇಳಿರಲಿಲ್ಲ, ನಿಜವಾಗ್ಲೂ ಬೇಜಾರಾಯ್ತು.

ಕೊರತೆ ಅಂದ್ರೆ ನೋಟ್ಸ್ ಜೆರಾಕ್ಸ್ ತುಂಬಾ ಮಸುಕು, 29ನೇ ವಿಧಿ ಇರೋ ಪುಟ ನನಗೆ ಓದೋಕೇ ಆಗ್ಲಿಲ್ಲ, ಪಕ್ಕದ ಹುಡುಗೀದು ಇಸ್ಕೊಂಡು ಕೈಲಿ ಬರ್ಕೊಂಡೆ. ಗೋಡೆಗೊಂದು ಮ್ಯಾಪ್ ಬೇಕೇ ಬೇಕು. ಆಮೇಲೆ ಸರ್, ಒಂಬತ್ತರ ಕ್ಲಾಸನ್ನ ಒಂಬತ್ತೂವರೆಗೆ ಇಟ್ರೆ ಬೇಲೂರು ಕಡೆಯಿಂದ ಬರೋ ನಾವು ನಾಲ್ಕು ಜನ ಮೊದಲಿನಿಂದ ಕೇಳಬಹುದು.