ಟರ್ಬೊ ಕೆಲಸಕ್ಕೆ ಕಾರು ಬಿಡುವ ಮುನ್ನ: ‘ಮೇಲಿಂದಲೇ ಮಾಡ್ಕೊಡ್ತೀವಿ’ ಅಂದರೆ ಹುಷಾರು

ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ಇರುವ ಹಳೆಯ ಡೀಸೆಲ್ ಕಾರು ಇಟ್ಟುಕೊಂಡಿದ್ದೀರಾ? ಎಂಜಿನ್ ಹಿಂದಿನಿಂದ ಟಿಕ್ ಟಿಕ್ ಸದ್ದು ಬರುತ್ತಿದೆ, ಗ್ಯಾರೇಜಿಗೆ ತೋರಿಸಬೇಕು ಅಂದುಕೊಂಡಿದ್ದೀರಾ? ಹಾಗಿದ್ದರೆ ಇದನ್ನು ಓದಿ ಆಮೇಲೆ ಹೋಗಿ. ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಒಂದು ಗ್ಯಾರೇಜಿನಿಂದ ನೀವು ತಪ್ಪಿಸಿಕೊಳ್ಳಬಹುದು, ಅಷ್ಟೇ. ಇಂಥ ಕೆಲಸ ಮಾಡುವವರು ಎಲ್ಲ ಊರಲ್ಲೂ ಇದ್ದಾರೆ.

ನನ್ನದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ, 1.9 ಲೀಟರಿನ ಟಿಡಿಐ ಡೀಸೆಲ್. ಎಂಜಿನ್ ಬಗ್ಗೆ ಎರಡು ಮಾತಿಲ್ಲ, ಗಟ್ಟಿ ಪಿಂಡ. ಟರ್ಬೊ ಕೂತಿರುವ ಜಾಗ ಮಾತ್ರ ದೇವರಿಗೇ ಪ್ರೀತಿ. ಎಂಜಿನ್ ಅಡ್ಡಕ್ಕೆ ಇದೆ. ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡ್ (ಕವಲು ಪೈಪು), ಹೊಗೆ ಹೊರಗೆ ಬರುವ ಮ್ಯಾನಿಫೋಲ್ಡ್ ಎರಡೂ ಒಂದೇ ಬದಿಗೆ, ಅದೂ ಹಿಂದೆ, ಫೈರ್‌ವಾಲ್ ಕಡೆಗೆ, ಅಂದರೆ ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆಯ ಕಡೆಗೆ. ಗಾಳಿಯದ್ದು ಮೇಲೆ, ಹೊಗೆಯದ್ದು ಅದರ ಕೆಳಗೆ, ಟರ್ಬೊ ಇನ್ನೂ ಕೆಳಗೆ. ಬಾನೆಟ್ ಎತ್ತಿದರೆ ಟರ್ಬೊ ಕಾಣುವುದೇ ಇಲ್ಲ. ಟಾರ್ಚ್ ಹಾಕಿ ಬಗ್ಗಿ ನೋಡಿದರೆ ತುಕ್ಕು ಹಿಡಿದ ಎರಕದ ಒಂದು ಮೂಲೆ ಕಂಡೀತು. ಮೇಲಿನ ಕೆಲವು ನಟ್‌ಗಳಿಗೆ ಹೇಗೋ ಕೈ ತಲುಪುತ್ತದೆ. ಕೆಳಗಿನವಕ್ಕೆ ಕಾರು ಮೇಲೆತ್ತಬೇಕು, ಬಲಗಡೆ ಆಕ್ಸೆಲ್ (ಚಕ್ರ ತಿರುಗಿಸುವ ದಂಡ) ಬಿಚ್ಚಬೇಕು, ಸೈಲೆನ್ಸರಿನ ಮುಂದಿನ ಪೈಪು ಇಳಿಸಬೇಕು. ಬೇರೆ ದಾರಿ ಇಲ್ಲ. ಇದೊಂದೇ ಕಾರಿನ ಕಥೆಯಲ್ಲ. ಟರ್ಬೊ ಫೈರ್‌ವಾಲ್ ಕಡೆಗಿರುವ ಎಷ್ಟೋ ಡೀಸೆಲ್ ಕಾರುಗಳದ್ದು ಇದೇ ಪಾಡು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಸದ್ದು ನಿಲ್ಲುತ್ತಿತ್ತು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಜೋಡಣೆಯ ಸಂದು ಮುಚ್ಚುವ ಪಟ್ಟಿ) ಹೋಗಿದ್ದರೆ ಹೀಗೇ ಆಗುವುದು. ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ತಣ್ಣಗಾದರೆ ಮತ್ತೆ ಬಾಯಿ ಬಿಡುತ್ತದೆ. ಸದ್ದು ನಿಂತಿತಲ್ಲ ಅಂತ ಸುಮ್ನೆ ಇರುವ ಹಾಗಿಲ್ಲ. ಆ ಸಂದಿನಿಂದ ಬರುವ ಹೊಗೆ ನೇರ ಫೈರ್‌ವಾಲ್ ಹತ್ತಿರ ಸೇರುತ್ತದೆ. ಕಾರಿನ ಒಳಗೆ ಗಾಳಿ ಎಳೆದುಕೊಳ್ಳುವ ಬಾಯಿ ಇರುವುದು ಅಲ್ಲೇ ಮೇಲೆ, ಮುಂದಿನ ಗಾಜಿನ ಬುಡದಲ್ಲಿ. ಸಿಗ್ನಲ್‌ನಲ್ಲಿ ನಿಂತಾಗ ಹೊಗೆ ವಾಸನೆ ಒಳಗೆ ಬಂತೆಂದರೆ ಇದೇ ದಾರಿಯಲ್ಲಿ ಬಂದಿರಬಹುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ವಾಸನೆ ಕಡಿಮೆ ಇದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಹಾಸನದಲ್ಲಿ ಎರಡು ಕಡೆ ವಿಚಾರಿಸಿದೆ. ಒಬ್ಬರು ಹನ್ನೊಂದು ಸಾವಿರ ಮಜೂರಿ ಹೇಳಿದರು, ಸಾಮಾನು ಬೇರೆ, ಕಾರು ಮೂರು ದಿನ ಬಿಡಬೇಕು. ಇನ್ನೊಬ್ಬರು ಬಾನೆಟ್ ಎತ್ತಿ, ಒಂದು ಸಲ ಇಣುಕಿ, ‘ಆಕ್ಸೆಲ್ ಗೀಕ್ಸೆಲ್ ಏನೂ ಬಿಚ್ಚೋದು ಬೇಡ ಸಾರ್, ನಮ್ ಹುಡ್ಗಂದು ಕೈ ಸಣ್ಣದು, ಮೇಲಿಂದಲೇ ಮಾಡ್ಕೊಡ್ತೀವಿ, ನಾಲ್ಕೂವರೆ ಕೊಡಿ’ ಅಂದರು. ಪರಿಚಯದವರು ಕಳಿಸಿದ ಗ್ಯಾರೇಜು. ಹೊರಗೆ ಒಳ್ಳೊಳ್ಳೆ ಕಾರುಗಳು ನಿಂತಿದ್ದವು. ಸಂಜೆಗೆ ಕಾರು ಕೈಗೆ ಬಂತು. ಟಿಕ್ ಟಿಕ್ ಇರಲಿಲ್ಲ. ಬಿಲ್ ಅಂತ ಒಂದು ಚೀಟಿ ಕೊಟ್ಟರು. ಅದರಲ್ಲಿ ಇದ್ದದ್ದು ‘ಟರ್ಬೊ ಕೆಲಸ’ ಅನ್ನುವ ಎರಡೇ ಪದ.

ಊರೊಳಗೆ ಓಡಾಡುವಾಗ ಏನೂ ಗೊತ್ತಾಗಲಿಲ್ಲ. ಕರಾವಳಿಗೆ ಹೋಗಿ ವಾಪಸ್ ಬರುವಾಗ ಶಿರಾಡಿ ಘಾಟಿ ಹತ್ತಬೇಕಿತ್ತು. ಗುಂಡ್ಯ ದಾಟಿ ಏರು ಶುರುವಾಗಿತ್ತು. ಮುಂದೆ ಲಾರಿ ಸಾಲು, ಎರಡನೇ ಗೇರು, ಮೂರನೇ ಗೇರು, ಎಂಜಿನ್ ಮೇಲೆ ಪೂರ್ತಿ ಭಾರ. ಮೊದಲು ಹೊಗೆ ವಾಸನೆ ಬಂತು. ಹಿಂದೆ ಕೂತಿದ್ದ ಅತ್ತೆ ತಲೆ ಸುತ್ತುತ್ತಿದೆ ಅಂದರು. ಕಿಟಕಿ ಇಳಿಸಿದೆವು. ಆಮೇಲೆ ಇನ್ನೊಂದು ವಾಸನೆ. ರಬ್ಬರ್ ಸುಟ್ಟಂತೆ, ಜೊತೆಗೆ ಗ್ರೀಸ್ ಕಾದಂತೆ. ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನಿಂದ ಬಿಳಿ ಹೊಗೆ ಎಳೆಎಳೆಯಾಗಿ ಮೇಲೆ ಬರುತ್ತಿದೆ. ಎಲ್ಲರನ್ನೂ ಇಳಿಸಿ ದೂರ ನಿಲ್ಲಿಸಿದೆ. ಆರಿದ ಮೇಲೆ ಕಾರು ತಿರುಗಿಸಿ, ಇಳಿಜಾರಿನಲ್ಲಿ ನಿಧಾನಕ್ಕೆ ಇಳಿಸಿಕೊಂಡು ಉಪ್ಪಿನಂಗಡಿ ತಲುಪಿದೆವು. ಅಲ್ಲಿಂದ ಎಳೆಸಿಕೊಂಡು ಪುತ್ತೂರಿನ ಒಂದು ಗ್ಯಾರೇಜಿಗೆ.

ಅಲ್ಲಿನ ಮೇಸ್ತ್ರಿಗೆ ವಯಸ್ಸಾಗಿದೆ. ಮಾತು ಕಡಿಮೆ. ಕಾರನ್ನು ಲಿಫ್ಟಿಗೆ ಏರಿಸಿ, ಕೆಳಗೆ ನಿಂತು, ಸ್ವಲ್ಪ ಹೊತ್ತು ಬರೀ ನೋಡಿದರು. ಆಮೇಲೆ ನನ್ನನ್ನು ಕರೆದು, ‘ಇಲ್ಲಿ ಒಂದು ತಗಡು ಇತ್ತಲ್ಲ ಮಾರಾಯ್ರೆ, ಅದೆಲ್ಲಿ ಹೋಯ್ತು?’ ಅಂದರು.

ಆ ತಗಡಿನ ಕಥೆ ಹೇಳಲೇಬೇಕು. ಬಲಗಡೆ ಆಕ್ಸೆಲ್‌ನ ಒಳತುದಿಯ ಜಾಯಿಂಟು ಟರ್ಬೊಗೆ ಹತ್ತಿರದಲ್ಲೇ ತಿರುಗುತ್ತದೆ. ಅದರ ಮೇಲೆ ರಬ್ಬರ್ ಬೂಟು, ಬೂಟಿನೊಳಗೆ ಗ್ರೀಸು. ಏರು ಹತ್ತುವಾಗ ಡೀಸೆಲ್ ಟರ್ಬೊಗೆ ಬರುವ ಹೊಗೆಯ ಬಿಸಿ 700 ಡಿಗ್ರಿ ಆಸುಪಾಸಿಗೆ ಹೋಗುತ್ತದೆ. ಎರಕ ಕೆಂಪಗಾಗುವಷ್ಟು ಶಾಖ. ರಬ್ಬರಿಗೆ ಅದು ತಾಗದಿರಲಿ ಅಂತಲೇ ಕಂಪನಿಯವರು ನಡುವೆ ತಗಡಿನ ಮರೆ ಕೊಟ್ಟಿರುತ್ತಾರೆ. ಪಾನ (ಸ್ಪ್ಯಾನರ್) ತಿರುಗಿಸಲು ಅಡ್ಡ ಬರುತ್ತದೆ ಅಂತ ಆ ಗ್ಯಾರೇಜಿನವರು ಅದನ್ನು ಕಿತ್ತಿದ್ದರು. ಮತ್ತೆ ಹಾಕಲು ಕೈ ಹೋಗಲಿಲ್ಲವೋ, ಮನಸ್ಸು ಹೋಗಲಿಲ್ಲವೋ, ಹಾಕಲೇ ಇಲ್ಲ. ಬೂಟು ಒಣಗಿ, ಗಟ್ಟಿಯಾಗಿ, ಮಡಿಕೆ ಮಡಿಕೆಯಲ್ಲೂ ಬಿರುಕು ಬಿಟ್ಟಿತ್ತು. ಒಳಗಿನ ಗ್ರೀಸು ಚಕ್ರ ತಿರುಗಿದಂತೆ ಸಿಡಿದು ಸುಡುವ ಪೈಪಿನ ಮೇಲೆ ಬಿದ್ದಿತ್ತು. ಘಾಟಿಯಲ್ಲಿ ನಾವು ಕಂಡ ಹೊಗೆ ಅದೇ. ಬೆಂಕಿ ಹತ್ತದೇ ಇದ್ದದ್ದು ನಮ್ಮ ಪುಣ್ಯ.

ಅದು ಮೊದಲನೆಯದು. ಮೇಸ್ತ್ರಿ ಆಕ್ಸೆಲ್ ಬಿಚ್ಚಿ, ಪೈಪು ಇಳಿಸಿ, ಪುಟ್ಟ ಕನ್ನಡಿ ಹಿಡಿದು ತೋರಿಸಿದರು. ಕೆಳಸಾಲಿನ ಒಂದು ಸ್ಟಡ್ (ನಟ್ ಕೂರುವ ತಿರುಪು ಕಡ್ಡಿ) ಹೆಡ್‌ನ, ಅಂದರೆ ಎಂಜಿನ್ ಮೇಲ್ಭಾಗದ ಎರಕದ, ಮಟ್ಟಕ್ಕೇ ಮುರಿದಿತ್ತು. ಮುರಿದದ್ದನ್ನು ತೆಗೆಯುವ ಬದಲು ಆ ಜಾಗಕ್ಕೆ ಸೈಲೆನ್ಸರ್ ತೂತು ಮುಚ್ಚುವ ಪೇಸ್ಟ್ ಮೆತ್ತಿದ್ದರು. ಬೂದು ಬಣ್ಣದ ಪೇಸ್ಟು, ಸುತ್ತ ಬೀಸಣಿಗೆ ಬಿಚ್ಚಿದಂತೆ ಕಪ್ಪು ಮಸಿ. ಟಿಕ್ ಟಿಕ್ ಸದ್ದು ನಿಂತದ್ದು ಇದರಿಂದ. ಭಾರ ಬಿದ್ದಾಗ ಪೇಸ್ಟ್ ಕಿತ್ತು ಹೊಗೆ ಹೊರಬಿದ್ದಿದೆ. ಉಳಿದ ಕಡೆ ಹಾಕಿದ್ದ ನಟ್‌ಗಳೂ ಸರಿಯಾದವಲ್ಲ. ಈ ಜಾಗಕ್ಕೆ ಬೇಕಾದದ್ದು ತಾಮ್ರದ ಲೇಪ ಇರುವ, ತಾನಾಗಿ ಸಡಿಲವಾಗದ ನಟ್. ಒಮ್ಮೆ ಬಿಚ್ಚಿದರೆ ಅವನ್ನು ಎಸೆದು ಹೊಸದು ಹಾಕಬೇಕು. ನಮ್ಮ ಕಾರಿಗೆ ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ನಟ್ ಹಾಕಿದ್ದರು. ಎರಡು ಆಗಲೇ ಕೈಯಲ್ಲಿ ತಿರುಗುತ್ತಿದ್ದವು.

ಸ್ಟಡ್ ಮುರಿಯುವುದು ದೊಡ್ಡ ಅಪರಾಧ ಅಲ್ಲ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ತುಕ್ಕು ಹಿಡಿದ ಸ್ಟಡ್ ಯಾರ ಕೈಯಲ್ಲಾದರೂ ಮುರಿಯಬಹುದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೆನೆಸಿ, ಬೇಕಾದರೆ ನಟ್‌ಗೆ ಮಾತ್ರ ಬೆಂಕಿ ಕೊಟ್ಟು, ಸ್ವಲ್ಪ ಬಿಗಿ ಮಾಡಿ ಸ್ವಲ್ಪ ಸಡಿಲ ಮಾಡಿ ತೆಗೆದರೆ ಮುರಿಯುವುದು ಕಡಿಮೆ. ಇಕ್ಕಟ್ಟಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಪಾನ ಒಂದು ಹಲ್ಲಿನಷ್ಟು ತಿರುಗುತ್ತದೆ, ಮತ್ತೆ ತೆಗೆದು ಮತ್ತೆ ಕೂರಿಸಬೇಕು. ಓರೆಯಾಗಿ ಕೂತ ಪಾನಕ್ಕೆ ಜೋರು ಕೊಟ್ಟರೆ ಒಂದೋ ನಟ್‌ನ ಮೂಲೆ ಸವೆಯುತ್ತದೆ, ಇಲ್ಲ ಸ್ಟಡ್ ಪಟ್ ಅನ್ನುತ್ತದೆ. ಅದಕ್ಕೇ ಅಡ್ಡ ಬರುವುದನ್ನೆಲ್ಲ ಮೊದಲು ಬಿಚ್ಚಿ ಜಾಗ ಮಾಡಿಕೊಳ್ಳುವುದು. ಅದು ಮೇಸ್ತ್ರಿಯ ಮಡಿವಂತಿಕೆ ಅಲ್ಲ, ಅರ್ಧ ಕೆಲಸ ಅದೇ. ಮುರಿದದ್ದನ್ನು ನಮಗೆ ಹೇಳದೆ ಮುಚ್ಚಿದ್ದು ಮಾತ್ರ ಶುದ್ಧ ಮೋಸ.

ಪುತ್ತೂರಿನವರು ಆ ಸ್ಟಡ್ ತೆಗೆದ ರೀತಿ ನೋಡುವಂತಿತ್ತು. ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಡ್ರಿಲ್ ಹಾಕಿದರೆ ಬಿಟ್ ಜಾರಿ ಮೆತ್ತಗಿನ ಹೆಡ್‌ಗೆ ಹೋಗುವ ಭಯ. ಅವರು ಬ್ಯಾಟರಿ ವೈರ್ ತೆಗೆದರು. ಮುರಿದ ಸ್ಟಡ್ ಮೇಲೆ ಒಂದು ನಟ್ ಇಟ್ಟು, ನಟ್‌ನ ತೂತಿನೊಳಗೆ ವೆಲ್ಡ್ ತುಂಬಿದರು. ಕೆಂಪು ಆರುವವರೆಗೆ ಕಾದರು. ಆಮೇಲೆ ಪಾನ ಹಾಕಿ ಹಿಂದೆ ಮುಂದೆ ಆಡಿಸಿದರು. ವೆಲ್ಡಿಂಗ್ ಶಾಖಕ್ಕೆ ತುಕ್ಕಿನ ಹಿಡಿತ ಬಿಟ್ಟಿರುತ್ತದಂತೆ. ಕಿರ್ ಅನ್ನುತ್ತಾ ಇಡೀ ಸ್ಟಡ್ ಹೊರಗೆ ಬಂತು. ಅವರು ಅದನ್ನು ನನ್ನ ಅಂಗೈಗೆ ಹಾಕಿ, ‘ಬಿಸಿ ಉಂಟು, ಜಾಗ್ರತೆ’ ಅಂದದ್ದು ಹಾಕಿದ ಮೇಲೆ!

ಇನ್ನೊಂದು ತೊಂದರೆ ಕಣ್ಣಿಗೆ ಚಿಕ್ಕದು, ಖರ್ಚಿನಲ್ಲಿ ದೊಡ್ಡದಾಗುವಂಥದ್ದು. ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವ ಪೈಪಿನ ಜಾಯಿಂಟಿಗೆ ಗ್ಯಾಸ್ಕೆಟ್ ಬದಲು ಕೆಂಪು ಸಿಲಿಕೋನ್ ಹಚ್ಚಿದ್ದರು. ಹೊರಗೆ ಉಬ್ಬಿ ಬಂದಷ್ಟೇ ಒಳಗೂ ಉಬ್ಬಿತ್ತು. ಟರ್ಬೊದ ಶಾಫ್ಟು ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಅದು ನಿಂತಿರುವುದೇ ಆಯಿಲ್‌ನ ತೆಳು ಪದರದ ಮೇಲೆ. ಒತ್ತಡದಿಂದ ಬಂದ ಆಯಿಲ್ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿದು ಹೋಗಬೇಕು. ಇಳಿಯುವ ದಾರಿಗೆ ಅಡ್ಡ ಸಿಲಿಕೋನ್ ಇದ್ದರೆ ಆಯಿಲ್ ಸೀಲು ದಾಟಿ ಹೊರಬರುತ್ತದೆ, ಸೈಲೆನ್ಸರಲ್ಲಿ ನೀಲಿ ಹೊಗೆ ಕಾಣುತ್ತದೆ. ಆಗ ‘ಟರ್ಬೊನೇ ಹೋಗಿದೆ ಸಾರ್, ಹೊಸದು ಹಾಕಬೇಕು’ ಅಂತ ಇನ್ನೊಂದು ಬಿಲ್ ರೆಡಿ. ಸಿಲಿಕೋನ್ ಚೂರು ಆಯಿಲ್ ಬರುವ ಕಡೆ ಸಿಕ್ಕಿಹಾಕಿಕೊಂಡರಂತೂ ಬೇರಿಂಗ್ ಒಣಗಿ ಟರ್ಬೊ ನಿಜವಾಗಿಯೂ ಹೋಗುತ್ತದೆ. ಟರ್ಬೊದ ಆಯಿಲ್ ಜಾಯಿಂಟಿಗೆ ಸಿಲಿಕೋನ್ ಬೇಡ ಅಂತ ಟರ್ಬೊ ಮಾಡುವ ಕಂಪನಿಗಳೇ ಹೇಳುತ್ತವೆ.

ನಮ್ಮ ಟರ್ಬೊ ಉಳಿಯಿತು. ಹೊಸ ಗ್ಯಾಸ್ಕೆಟ್, ಸ್ಟಡ್, ನಟ್, ಆಕ್ಸೆಲ್ ಬೂಟು, ಆ ತಗಡು, ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕಾಯಿತು. ತಗಡು ಹೊಸದು ಸಿಗಲಿಲ್ಲ, ಗುಜರಿ ಕಾರಿನದ್ದು ಸಿಕ್ಕಿತು. ಜೋಡಿಸುವಾಗ ಮೇಸ್ತ್ರಿ ಟರ್ಬೊದ ಆಯಿಲ್ ಬಾಯಿಗೆ ಮೊದಲು ಹೊಸ ಆಯಿಲ್ ಸುರಿದು, ಶಾಫ್ಟನ್ನು ಬೆರಳಲ್ಲಿ ತಿರುಗಿಸಿ, ಆಮೇಲೆ ಪೈಪು ಕೂರಿಸಿದರು. ಟರ್ಬೊ ಬಿಚ್ಚಿದ ಮೇಲೆ ಹೀಗೆ ಮಾಡದೆ ಸ್ಟಾರ್ಟ್ ಮಾಡಿದರೆ ಮೊದಲ ಕೆಲವು ಸೆಕೆಂಡು ಶಾಫ್ಟು ಒಣಗಿಯೇ ತಿರುಗುತ್ತದೆ. ಮ್ಯಾನಿಫೋಲ್ಡ್ ನಟ್‌ಗಳನ್ನು ಬಿಗಿ ಅಳೆಯುವ ಟಾರ್ಕ್ ಪಾನದಲ್ಲಿ 25 ನ್ಯೂಟನ್ ಮೀಟರಿಗೆ, ನಡುವಿನಿಂದ ಎರಡೂ ಬದಿಗೆ ಬಿಗಿ ಮಾಡಿದರು. ಒಟ್ಟು ಖರ್ಚು ಆ ಹನ್ನೊಂದು ಸಾವಿರದವರು ಹೇಳಿದ್ದರ ದುಪ್ಪಟ್ಟಿಗೂ ಮೇಲೆ ಹೋಯಿತು.

ಹಾಗಾಗಿ ಇಂಥ ಕೆಲಸಕ್ಕೆ ಕೀ ಕೊಡುವ ಮೊದಲು ಬೆಲೆ ಕೇಳಬೇಡಿ. ‘ಕೆಳಗಿನ ನಟ್‌ಗೆ ಹೇಗೆ ಹೋಗ್ತೀರಿ?’ ಅಂತ ಕೇಳಿ. ಏನೇನು ಬಿಚ್ಚಬೇಕು ಅಂತ ಒಂದೊಂದಾಗಿ ಹೇಳುವವರಿಗೆ ಆ ಕಾರು ಗೊತ್ತಿದೆ ಅಂತ ಅರ್ಥ. ‘ಅದೆಲ್ಲ ನಾವು ನೋಡ್ಕೊತೀವಿ’ ಅಂದರೆ ಗಾಡಿ ತಿರುಗಿಸಿ. ಸ್ಟಡ್ ಮುರಿದರೆ ಏನು ಮಾಡುತ್ತೀರಿ, ಮುರಿದರೆ ಫೋನ್ ಮಾಡುತ್ತೀರಾ ಅಂತಲೂ ಕೇಳಿ. ಗ್ಯಾಸ್ಕೆಟ್, ನಟ್ ಸಾಧ್ಯವಾದರೆ ನೀವೇ ತಂದುಕೊಡಿ, ಹಳೆಯವನ್ನು ಎಣಿಸಿ ವಾಪಸ್ ಪಡೆಯಿರಿ. ಬಿಚ್ಚುವ ಮುಂಚೆ ಕಾರು ಲಿಫ್ಟಿನ ಮೇಲಿರುವಾಗ ಕೆಳಗಿನಿಂದ ನಾಲ್ಕು ಫೋಟೊ ಹೊಡೆದುಕೊಳ್ಳಿ. ತಗಡುಗಳು, ಕ್ಲಿಪ್ಪುಗಳು ಎಲ್ಲೆಲ್ಲಿದ್ದವು ಅನ್ನುವುದಕ್ಕೆ ಅದೇ ಸಾಕ್ಷಿ. ಕಾರು ವಾಪಸ್ ತೆಗೆದುಕೊಳ್ಳುವಾಗ ಬರೀ ಗ್ಯಾರೇಜ್ ಮುಂದೆ ಒಂದು ಸುತ್ತು ಹೊಡೆದು ದುಡ್ಡು ಕೊಡಬೇಡಿ. ಒಂದು ಒಳ್ಳೆ ಏರು ಹತ್ತಿಸಿ, ಎ.ಸಿ.ಯನ್ನು ಹೊರಗಿನ ಗಾಳಿಗೆ ಇಟ್ಟು, ಮೂಗಿಗೆ ಕೆಲಸ ಕೊಡಿ. ಮರುದಿನ ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಡಿ.

ಹಾಸನದ ಗ್ಯಾರೇಜಿಗೆ ಹೋಗಿ ಫೋಟೊ ತೋರಿಸಿದೆ. ‘ಆ ತಗಡು ನಿಮ್ ಕಾರಲ್ಲಿ ಮೊದಲೇ ಇರಲಿಲ್ಲ ಸಾರ್’ ಅಂದರು. ಸ್ಟಡ್ ಬಗ್ಗೆ ಕೇಳಿದರೆ, ಮುಂಚೆ ಯಾರೋ ಮುರಿದಿದ್ದಾರೆ ಅಂದರು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಘಟನೆ ನಡೆದ ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಪುತ್ತೂರಿನ ಮೇಸ್ತ್ರಿ ತಮ್ಮ ಬಿಲ್ಲಿನಲ್ಲಿ ಬಿಚ್ಚಿದ್ದು, ಕಂಡದ್ದು, ಹಾಕಿದ್ದು ಎಲ್ಲವನ್ನೂ ಸಾಲು ಸಾಲಾಗಿ ಬರೆದು ಸೀಲು ಹಾಕಿ ಕೊಟ್ಟಿದ್ದಾರೆ. ಸದ್ಯಕ್ಕೆ ನನ್ನ ಕೈಯಲ್ಲಿರುವ ಗಟ್ಟಿ ಕಾಗದ ಅದೊಂದೇ. ‘ಟರ್ಬೊ ಕೆಲಸ’ ಅನ್ನುವ ಚೀಟಿಯಲ್ಲಿ ತಾರೀಖು ಕೂಡ ಇಲ್ಲ.