ಅದು ಬಿಸಿಲಿಗೆ ಬಂದ ತಲೆನೋವಲ್ಲ

ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳಲ್ಲಿ ತಲೆನೋವು ಅಂದರೆ ಸಾಕು, 'ಬಿಸಿಲಲ್ಲಿ ತಿರುಗಿದ್ಯಾ?' ಅಂತ ಕೇಳುತ್ತಾರೆ. ನಮ್ಮ ಮನೆಯಲ್ಲೂ ಅದನ್ನೇ ಕೇಳಿದರು. ನಾನೂ ಹೂಂ ಅಂದೆ. ಅಮ್ಮ 'ಪಿತ್ತ ಏರಿರಬೇಕು' ಅಂತ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು, ಹಣೆಗೆ ಅಮೃತಾಂಜನ ಹಚ್ಚಿದಳು. ಎರಡು ದಿನದ ಹಿಂದೆ ಕಿವಿಯ ಮೇಲೆ ಬಿದ್ದ ಹೊಡೆತದ ಸುದ್ದಿಯನ್ನು ಮಾತ್ರ ನಾನು ಬಾಯಿಬಿಡಲಿಲ್ಲ. ಹೇಳಿದ್ದರೆ ಕಿಕ್‌ಬಾಕ್ಸಿಂಗ್ ಕ್ಲಾಸು ಬಿಡಿಸುತ್ತಿದ್ದರು ನೋಡಿ.

ನಾನು ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಕೂತು ಕೂತು ಹೊಟ್ಟೆ ಬಂದಿತ್ತು. ಅದಕ್ಕೇ ಸಂಜೆ ಕಿಕ್‌ಬಾಕ್ಸಿಂಗ್ ಕ್ಲಾಸಿಗೆ ಸೇರಿದ್ದೆ. ನಮ್ಮ ಜಿಲ್ಲೆಯಲ್ಲೇ, ತೋರಣಗಲ್ಲಿನ ಹತ್ತಿರ, ದೇಶಕ್ಕೆ ಆಡುವ ಬಾಕ್ಸರ್‌ಗಳು ತಯಾರಾಗುತ್ತಾರೆ. ಊರಿನ ಹುಡುಗರಿಗೂ ಆ ಹುಮ್ಮಸ್ಸು ಇದೆ. ಆದರೆ ಅಂಥ ಕಡೆ ಡಾಕ್ಟರು, ಫಿಸಿಯೋ ಎಲ್ಲ ಇರುತ್ತಾರೆ. ನಮ್ಮ ಕ್ಲಾಸಿನಲ್ಲಿ ಇದ್ದದ್ದು ಪಕ್ಕದ ಸೋಡಾ ಅಂಗಡಿಯಿಂದ ತರುವ ಐಸು ಮಾತ್ರ.

ಅವತ್ತು ಸ್ಪಾರಿಂಗ್ ಅನ್ನುವ ಅಭ್ಯಾಸದ ಕಾಳಗದ ಮೂರನೇ ರೌಂಡ್. ಪಕ್ಕದಿಂದ ಬೀಸುವ ಒಂದು ಹುಕ್ ಗುದ್ದು ಕಿವಿಯ ಮೇಲೆ ಸರಿಯಾಗಿ ಬಿತ್ತು. ನಾನು ಬೀಳಲಿಲ್ಲ, ಪ್ರಜ್ಞೆಯೂ ತಪ್ಪಲಿಲ್ಲ. ಒಂದೆರಡು ಸೆಕೆಂಡು ಟ್ಯೂಬ್‌ಲೈಟ್ ಎರಡೆರಡಾಗಿ ಕಂಡಿತು, ಅಷ್ಟೇ. ಮಾಸ್ಟರ್ 'ಏನಾಗಲ್ಲ ಬಿಡಪ್ಪ, ನೀರು ಕುಡಿದು ಇನ್ನೊಂದು ರೌಂಡ್ ಆಡು' ಅಂದರು. ಆಡಿದೆ. ಮನೆಗೆ ಬರುವಾಗ ದಿನಾ ತಿರುಗುವ ರಸ್ತೆ ಬಿಟ್ಟು ಬೈಕು ಓಡಿಸಿಕೊಂಡು ರಾಯಲ್ ಸರ್ಕಲ್ ತನಕ ಹೋಗಿಬಿಟ್ಟಿದ್ದೆ. ಆಗಲೇ ಅನುಮಾನ ಬರಬೇಕಿತ್ತು. ಪ್ರಜ್ಞೆ ತಪ್ಪಿದರೆ ಮಾತ್ರ ಮೆದುಳಿಗೆ ಪೆಟ್ಟು ಅಂತ ನಾನು ತಿಳಿದಿದ್ದೆ. ಆದರೆ ಕನ್‌ಕಷನ್, ಅಂದರೆ ಏಟಿಗೆ ಮೆದುಳು ಕುಲುಕಿ ಆಗುವ ಪೆಟ್ಟು, ಆದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲವಂತೆ.

ಐದನೇ ದಿನ ಮತ್ತೆ ಕ್ಲಾಸಿಗೆ ಹೋದೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ನೋವಿನ ಗುಳಿಗೆ ನುಂಗಿಕೊಂಡು! ಈ ಸಲ ಹದಿನೆಂಟು ವರ್ಷದ ಹುಡುಗನೊಬ್ಬ ಹಣೆಗೆ ಸುಮ್ನೆ ತಟ್ಟಿದ ಹಾಗೆ ಹೊಡೆದ. ಅವನ ತಪ್ಪೇನೂ ಇಲ್ಲ. ರಾತ್ರಿ ಎರಡು ಸಲ ವಾಂತಿಯಾಯಿತು. ಕಣ್ಣು ಮುಚ್ಚಿದರೂ ಮಂಚ ತಿರುಗುತ್ತಿತ್ತು. ಆಗ ಹೆಂಡತಿಗೆ ಎಲ್ಲ ಹೇಳಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಬೈದದ್ದು ಮೊದಲು ಗುಳಿಗೆಗೆ. ತಲೆಗೆ ಪೆಟ್ಟಾದಾಗ ಯಾರನ್ನೂ ಕೇಳದೆ ಐಬುಪ್ರೊಫೆನ್ ಥರದ್ದು ತೆಗೆದುಕೊಳ್ಳಬಾರದು, ಒಳಗೆ ರಕ್ತ ಸೋರುತ್ತಿದ್ದರೆ ಜಾಸ್ತಿ ಆಗಬಹುದು ಅಂದರು. ಆಮೇಲೆ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ನಾರ್ಮಲ್ ಬಂತು. ಆದರೆ ಸ್ಕ್ಯಾನ್ ಹುಡುಕುವುದು ರಕ್ತಸ್ರಾವ, ಬಿರುಕು ಇಂಥವನ್ನು. ಕನ್‌ಕಷನ್ನಿನಲ್ಲಿ ಮೆದುಳು ಬುರುಡೆಯೊಳಗೆ ಕುಲುಕಿ, ಕೆಲಸ ಮಾಡುವ ರೀತಿ ಕೆಟ್ಟಿರುತ್ತದೆ. ಅದು ಸಿ.ಟಿ.ಯಲ್ಲಿ ಕಾಣುವುದಿಲ್ಲ. ನಾನು ಯೂನಿಟ್ ಲೆಕ್ಕದಲ್ಲೇ ಅರ್ಥ ಮಾಡಿಕೊಂಡೆ: ಬಟ್ಟೆ ಹರಿದರೆ ಕಣ್ಣಿಗೆ ಕಾಣುತ್ತದೆ, ಮಷಿನ್ನಿನ ಟೈಮಿಂಗ್ ತಪ್ಪಿದ್ದು ಕಾಣುತ್ತದಾ? ಹೊಲಿಗೆ ಬಿಡಲು ಶುರುವಾದಾಗಲೇ ಗೊತ್ತಾಗುವುದು.

ನನ್ನ ಹೊಲಿಗೆ ಬಿಟ್ಟದ್ದು ಬಂಡಲ್ ಎಣಿಸುವಾಗ. 32ರ ಸೈಜನ್ನು 34ರಲ್ಲಿ ಬರೆದೆ. ಒಂದೇ ಬಂಡಲನ್ನು ಮೂರು ಸಲ ಎಣಿಸಿದರೆ ಮೂರು ಲೆಕ್ಕ. ಹೊಲಿಗೆ ಮಷಿನ್‌ಗಳ ಸದ್ದು ಹತ್ತು ವರ್ಷದಿಂದ ಕಿವಿಗೇ ಬೀಳುತ್ತಿರಲಿಲ್ಲ, ಈಗ ಹಲ್ಲಿನವರೆಗೂ ಕೊರೆಯುತ್ತಿತ್ತು. ಮೊಬೈಲ್ ನೋಡಿದರೆ ವಾಕರಿಕೆ. ರಾತ್ರಿ ನಿದ್ದೆ ಇಲ್ಲ, ಮಧ್ಯಾಹ್ನ ತೂಕಡಿಕೆ. ಒಂದು ದಿನ ಮಗಳು ಸ್ಟೀಲ್ ತಟ್ಟೆ ಬೀಳಿಸಿದ್ದಕ್ಕೆ ಎಷ್ಟು ಜೋರಾಗಿ ಕೂಗಾಡಿದೆ ಅಂದರೆ, ಅವಳು ಎರಡು ದಿನ ನನ್ನ ಹತ್ತಿರ ಬರಲಿಲ್ಲ. ಸಿಟ್ಟು ಕೂಡ ಪೆಟ್ಟಿನ ಲಕ್ಷಣ ಅಂತ ಆಮೇಲೆ ತಿಳಿಯಿತು. ಅವಳಿಗೆ ಅದನ್ನು ಹೇಗೆ ಹೇಳುವುದು? ಯೂನಿಟ್ ಮಾಲೀಕರು 'ಸ್ಕ್ಯಾನಿಂಗ್ ನಾರ್ಮಲ್ ಅಂದ್ರಲ್ಲಪ್ಪ, ಮತ್ತೇನು?' ಅಂತ ಕೇಳಿದಾಗಲೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮೂರು ವಾರ ಕತ್ತಲೆ ಕೋಣೆಯಲ್ಲಿ ಮಲಗಿಬಿಟ್ಟೆ, ಅದೇ ವಿಶ್ರಾಂತಿ ಅಂತ. ಡಾಕ್ಟರು ಹೇಳಿದ್ದು ಒಂದೆರಡು ದಿನದ ವಿಶ್ರಾಂತಿ, ಆಮೇಲೆ ತೊಂದರೆ ಜಾಸ್ತಿ ಆಗದಷ್ಟು ನಿಧಾನವಾಗಿ ನಡೆಯಲು. ಕೊನೆಗೆ ಬೆಳಿಗ್ಗೆ ಹೊತ್ತು ಕೋಟೆ ಗುಡ್ಡದ ಕೆಳಗೆ ಹತ್ತು ನಿಮಿಷ ನಡೆದು ಶುರು ಮಾಡಿದೆ. ದೊಡ್ಡವರಲ್ಲಿ ಹೆಚ್ಚಿನವರು ಎರಡು ವಾರದಿಂದ ಒಂದು ತಿಂಗಳೊಳಗೆ ಸರಿಹೋಗುತ್ತಾರೆ. ನನಗೆ ನಾಲ್ಕೂವರೆ ತಿಂಗಳು ಹಿಡಿಯಿತು. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದಿತ್ತಲ್ಲ. ಚಿಕ್ಕ ವಯಸ್ಸಿನವರಲ್ಲಿ ಹೀಗೆ ಎರಡನೇ ಪೆಟ್ಟಿಗೆ ಮೆದುಳು ಊದಿಕೊಂಡು ಜೀವಕ್ಕೇ ಕುತ್ತು ಬಂದದ್ದಿದೆ, ಅಪರೂಪಕ್ಕಾದರೂ.

'ಹೆಡ್‌ಗಾರ್ಡ್ ಹಾಕಿರಲಿಲ್ವಾ?' ಅಂತ ಎಲ್ಲರೂ ಕೇಳುತ್ತಾರೆ. ಹಾಕಿದ್ದೆ. ಅದು ಚರ್ಮ ಸೀಳದಂತೆ ಕಾಯುತ್ತದೆ, ಒಳಗೆ ಮೆದುಳು ಕುಲುಕುವುದನ್ನು ತಡೆಯುವುದಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಗಂಡಸರು ಹೆಡ್‌ಗಾರ್ಡ್ ಇಲ್ಲದೆಯೇ ಬಾಕ್ಸಿಂಗ್ ಆಡಿದ್ದರು. ಹಾಗಂತ ನೀವು ಬಿಚ್ಚಿಡಬೇಡಿ. ಆದರೆ ಅದನ್ನು ನಂಬಿ ತಲೆ ಒಡ್ಡಬೇಡಿ.

ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ: ತಲೆಗೆ ಬಲವಾದ ಏಟು ಬಿದ್ದರೆ ಆಟ ನಿಲ್ಲಿಸುವವರು ಯಾರು? 'ಅದನ್ನ ನೀವೇ ಹೇಳಬೇಕು' ಅಂದರೆ ಎದ್ದು ಬನ್ನಿ. ಏಟು ತಿಂದವನಿಗೆ ಅವತ್ತು ಅದನ್ನು ಹೇಳುವಷ್ಟು ತಲೆ ನೆಟ್ಟಗಿರುವುದಿಲ್ಲ. ಮನೆಗೆ ಬೈಕ್ ಓಡಿಸಿಕೊಂಡು ಹೋಗಲೂ ಬಿಡಬೇಡಿ. ನೋವು ಏರುತ್ತಾ ಹೋದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಾತು ತೊದಲಿದರೆ, ಕೈಕಾಲಿನ ಬಲ ಕಡಿಮೆಯಾದರೆ, ಫಿಟ್ಸ್ ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.

ಅವತ್ತು ನನ್ನ ಹಣೆಗೆ ಹೊಡೆದಿದ್ದ ಆ ಹುಡುಗ ಮೊನ್ನೆ ಫೋನ್ ಮಾಡಿದ್ದ. 'ಅಣ್ಣಾ, ನಿನ್ನೆ ಸ್ಪಾರಿಂಗ್ ಆದಾಗಿಂದ ತಲೆ ಭಾರ. ಬಿಸಿಲಿಗೆ ಇರ್ಬೇಕು ಅಲ್ವಾ?' ಅಂದ. ಹೊರಗೆ ಎರಡು ದಿನದಿಂದ ಮೋಡ ಮುಚ್ಚಿತ್ತು. ಭಾನುವಾರ ಮ್ಯಾಚ್ ಇದೆ ಅಂತಲೂ ಹೇಳಿದ. ಅವನ ಅಪ್ಪನ ನಂಬರ್ ಇಸಿದುಕೊಂಡು, ಸಂಜೆ ಮೂವರೂ ಡಾಕ್ಟರ ಹತ್ತಿರ ಹೋಗಿಬಂದೆವು. ಭಾನುವಾರ ಅವನು ಆಡಲಿಲ್ಲ. ಈಗ ನನ್ನ ಜೊತೆ ಮಾತು ಬಿಟ್ಟಿದ್ದಾನೆ.