ಪಾಸಿಂಗ್ ಪ್ಯಾಕೇಜು, ಆಟೊಮೊಬೈಲು, ಬೇಸಿಗೆಯ ಎರಡು ತಾಸು

ಮೂರು ವರ್ಷದ ಹಿಂದಿನ ಮಾತು. ಸೆಪ್ಟೆಂಬರ್ ಇರಬೇಕು. ಕಾರಟಗಿಯ ಒಂದು ಅಕ್ಕಿ ಗಿರಣಿ ಮುಂದೆ ಹಳೇ ವಿದ್ಯಾರ್ಥಿಯೊಬ್ಬ ಸಿಕ್ಕ. ತಲೆಗೆ ಟವೆಲ್ ಸುತ್ತಿಕೊಂಡು ಲಾರಿಗೆ ಚೀಲ ಏರಿಸುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 540ರ ಮೇಲೆ ತೆಗೆದ ಹುಡುಗ. "ಪಿಯು ಸೈನ್ಸ್ ಹಚ್ಚಿದ್ದಿ ಅಲ್ಲೇನೋ?" ಅಂದೆ. "ಬಿಟ್ಟೆ ಸರ. ಅವರು ಹೇಳೋದು ಒಂದೂ ತಿಳಿವಲ್ದು" ಅಂದ. ಅವನಿಗೆ ನಾಚಿಕೆ. ನನಗೆ ಅವನಿಗಿಂತ ಜಾಸ್ತಿ. ಅವನ ಹೆಸರನ್ನು ನಮ್ಮ ಶಾಲೆಯ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿದ್ದೆವು.

ನಾನು ಕೊಪ್ಪಳ ಜಿಲ್ಲೆಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಲೆಕ್ಕವೆಲ್ಲ ರಿಸಲ್ಟ್ ಬಂದ ದಿನ ಮುಗಿಯುತ್ತದೆ. ಅವತ್ತಿನಿಂದ ನಾನು ಇನ್ನೊಂದು ಲೆಕ್ಕ ಇಡತೊಡಗಿದೆ. ದಸರಾ ರಜೆಯಲ್ಲಿ ಹಿಂದಿನ ಬ್ಯಾಚಿನ ಎಲ್ಲರ ಮನೆಗೂ ಫೋನ್ ಹಚ್ಚಿ, ಮಗ ಎಲ್ಲಿದ್ದಾನೆ, ಮಗಳು ಎಲ್ಲಿದ್ದಾಳೆ ಅಂತ ಕೇಳುವುದು, ಅಷ್ಟೇ. ನಮ್ಮ ಶಾಲೆಯಲ್ಲಿ ನಡೆಸಿ ನೋಡಿದ ಮೂರು ದಾರಿಗಳನ್ನು ಇಲ್ಲಿ ಅದೇ ಲೆಕ್ಕದಿಂದ ತೂಗುತ್ತಿದ್ದೇನೆ.

ಮೊದಲು ಪಾಸಿಂಗ್ ಪ್ಯಾಕೇಜ್. ಸರಕಾರಿ ಶಾಲೆಯ ಮೇಷ್ಟ್ರುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಿಧಾನ ಕಲಿಯುವವರ ಪಟ್ಟಿ ಮಾಡುವುದು, ಖಾತ್ರಿ ಬರುವ ಪ್ರಶ್ನೆಗಳನ್ನು ಆರಿಸುವುದು, ಸಂಜೆ ಕೂಡಿಸಿ ಬರೆಸುವುದು. ಗಣಿತದಲ್ಲಿ ಥೇಲ್ಸ್ ಪ್ರಮೇಯ, ಎರಡು ಸಮೀಕರಣಗಳ ನಕ್ಷೆ. ವಿಜ್ಞಾನದಲ್ಲಿ ಹೃದಯದ ಚಿತ್ರ, ಮೆದುಳಿನ ಚಿತ್ರ. ಇದನ್ನು ಬೈಯುವವರು ಬಹಳ ಜನ. ನಾನು ಬೈಯುವುದಿಲ್ಲ. ಹತ್ತನೇ ಕ್ಲಾಸು ಫೇಲಾದರೆ ನಮ್ಮ ಕಡೆ ಹುಡುಗ ಗುಳೆ ಹೋಗುತ್ತಾನೆ, ಹುಡುಗಿಗೆ ಗಂಡು ನೋಡುತ್ತಾರೆ. ಪಾಸಾದರೆ ಕನಿಷ್ಠ ಒಂದು ಬಾಗಿಲಾದರೂ ತೆರೆದಿರುತ್ತದೆ.

ಆದರೆ ದಸರಾ ಲೆಕ್ಕದಲ್ಲಿ ಇದು ಸೋತಿತು. ಪ್ಯಾಕೇಜಿನಿಂದ ಪಾಸಾದವರಲ್ಲಿ ಕಾಲೇಜಿಗೆ ಹೆಸರು ಹಚ್ಚಿದವರು ಬಹಳ, ಅಕ್ಟೋಬರಿನಲ್ಲಿ ಬೆಂಚಿನ ಮೇಲೆ ಉಳಿದವರು ಕಡಿಮೆ. ಇನ್ನೊಂದು ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಡಿಸೆಂಬರಿನಿಂದ ಮೇಷ್ಟ್ರುಗಳೆಲ್ಲ ಆ ಪಟ್ಟಿಯ ಹಿಂದೆ ಬೀಳುತ್ತೇವೆ. ಚೆನ್ನಾಗಿ ಓದುವವನು ಹೇಗೂ ಓದುತ್ತಾನೆ ಅಂತ ಸುಮ್ನೆ ಬಿಟ್ಟುಬಿಡುತ್ತೇವೆ. ಚೀಲ ಹೊರುತ್ತಿದ್ದ ಹುಡುಗ ಹಾಗೆ ಬಿಟ್ಟವನೇ.

ಎರಡನೆಯದು ಎನ್‌ಎಸ್‌ಕ್ಯೂಎಫ್, ಅಂದರೆ ಒಂಬತ್ತು ಮತ್ತು ಹತ್ತರಲ್ಲಿ ತೃತೀಯ ಭಾಷೆಯ ಬದಲು ಒಂದು ಕಸುಬಿನ ವಿಷಯ. ನಮ್ಮಲ್ಲಿ ಆಟೊಮೊಬೈಲ್ ಮತ್ತು ಐಟಿ ಇವೆ. ಬೇರೆ ಶಾಲೆಗಳಲ್ಲಿ ರಿಟೇಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್ ಕೂಡ ಉಂಟು. ಮೊದಲ ವರ್ಷ ಪಾಲಕರು ಗಂಟು ಬಿದ್ದರು. "ಹಿಂದಿ ಬಿಡಿಸಿ ಗ್ಯಾರೇಜ್ ಕೆಲಸ ಕಲಿಸ್ತೀರೇನ್ರಿ?" ಅಂತ. ತರಬೇತುದಾರರು ಹೊರಗಿನ ಏಜೆನ್ಸಿ ಕಡೆಯಿಂದ ಬರುತ್ತಾರೆ. ಒಂದು ವರ್ಷ ಅವರು ಬರುವ ಹೊತ್ತಿಗೆ ಗಣೇಶ ಹಬ್ಬ ಮುಗಿದಿತ್ತು. ಅಲ್ಲಿವರೆಗೆ ಟೂಲ್ ಕಿಟ್ ಬೀರುವಿನಲ್ಲೇ ಕೂತಿತ್ತು.

ಆದರೂ ಒಂದು ದಿನದ ನೆನಪು ಹೋಗುವುದಿಲ್ಲ. ಬಸ್ ಡಿಪೋಕ್ಕೆ ಕರೆದುಕೊಂಡು ಹೋಗಿದ್ದೆವು. ಹಿಂದಿನ ಬೆಂಚಿನ ಹುಡುಗನೊಬ್ಬ, ವರ್ಷವಿಡೀ ಬಾಯಿ ಬಿಡದವನು, ಬಿಚ್ಚಿಟ್ಟ ಬ್ರೇಕ್ ಡ್ರಮ್ ಮುಂದೆ ನಿಂತು ಮೆಕ್ಯಾನಿಕ್‌ಗೆ ಪ್ರಶ್ನೆ ಕೇಳಿದ್ದೇ ಕೇಳಿದ್ದು. ಮರುದಿನ ಘರ್ಷಣೆಯ ಪಾಠವನ್ನು ನನಗಿಂತ ಚೆನ್ನಾಗಿ ಅವನೇ ಹೇಳಿದ. ಶಾಲೆ ಬಿಡಬೇಕೆಂದಿದ್ದ ಇಂಥವರನ್ನು ಹಿಡಿದಿಡುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಕೆಲಸ ಸಿಗುತ್ತದೆ ಅಂತ ಸೇರಿಸಿದರೆ ಮಾತ್ರ ನಿರಾಸೆ. ಹದಿನಾರರ ಹುಡುಗನನ್ನು ಯಾವ ದೊಡ್ಡ ಕಾರ್ಖಾನೆಯೂ ಒಳಗೆ ಬಿಡುವುದಿಲ್ಲ. ಮುಂದೆ ಐಟಿಐ ಮಾಡಲೇಬೇಕು. ಅಲ್ಲಿ ಸೀಟು ಕೊಡುವಾಗ ನೋಡುವುದು ಮತ್ತೆ ಎಸ್ಸೆಸ್ಸೆಲ್ಸಿ ಅಂಕವನ್ನೇ. ನಮ್ಮ ಡ್ರಮ್ ಹುಡುಗನಿಗೆ ಫಿಟ್ಟರ್ ಸಿಕ್ಕಿತು, ಎರಡು ವರ್ಷದ ಕೋರ್ಸು. ಅದಕ್ಕೆ ಬೇಕಾದ ಅಂಕ ಬಂದದ್ದು ಪಾಸಿಂಗ್ ಪ್ಯಾಕೇಜಿನಿಂದ, ಅದನ್ನೂ ಹೇಳಿಬಿಡಬೇಕು.

ನಡುವೆ ಒಂದು ದಿನದ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮವನ್ನೂ ಮಾಡಿಸಿದ್ದೆವು. ಹಾರ, ಶಾಲು, ಪ್ರೊಜೆಕ್ಟರ್, ಉಪ್ಪಿಟ್ಟು. ಬಿಡಿ.

ಮೂರನೆಯದು ನಮ್ಮದೇ ಪ್ರಯೋಗ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯು ಶುರುವಾಗುವ ನಡುವೆ ಬೇಸಿಗೆ ಇಡೀ ಖಾಲಿ. ಆ ದಿನಗಳಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತು, ಎರಡು ತಾಸು. ಅದಾದ ಮೇಲೆ ನಮ್ಮ ಬಿಸಿಲಲ್ಲಿ ಯಾರೂ ಕೂರಲಾರರು. ಕಲಿಸಿದ್ದು ಹೊಸ ಪಾಠವಲ್ಲ, ಹಳೇ ಪಾಠದ ಹೊಸ ಹೆಸರು. ಕನ್ನಡ ಮೀಡಿಯಂ ಮಗುವಿಗೆ ವೇಗೋತ್ಕರ್ಷ ಗೊತ್ತು. ಕಾಲೇಜಿನಲ್ಲಿ ಆಕ್ಸಿಲರೇಷನ್ ಅಂದ ಕೂಡಲೇ ತನಗೆ ಗೊತ್ತಿಲ್ಲದ್ದೇನೋ ಹೇಳುತ್ತಿದ್ದಾರೆ ಅಂತ ಪೆನ್ನು ಕೆಳಗಿಡುತ್ತದೆ. ಬೋರ್ಡಿನ ಮೇಲಿನ ಸೂತ್ರ ಮಾತ್ರ ಅದೇ! ಜಡತ್ವ ಅಂದರೆ ಇನರ್ಷಿಯಾ, ವಕ್ರೀಭವನ ಅಂದರೆ ರಿಫ್ರ್ಯಾಕ್ಷನ್, ದ್ಯುತಿಸಂಶ್ಲೇಷಣೆ ಅಂದರೆ ಫೋಟೊಸಿಂಥೆಸಿಸ್. 200 ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ದಿನಕ್ಕೆ ಇಪ್ಪತ್ತು ಪದ. ಆಮೇಲೆ ಅದೇ ಪದ ಹಾಕಿ ನಾನು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಪಾಠ ಮಾಡುವುದು. ನನ್ನ ಇಂಗ್ಲಿಷ್ ಕೇಳಿ ಮಕ್ಕಳಿಗೆ ಧೈರ್ಯ ಬಂತು, ಸರ್‌ಗೇ ಇಷ್ಟು ಸಾಕಾದರೆ ನಮಗೂ ಸಾಕು ಅಂತ.

ಶನಿವಾರ ಪದಗಳಿಗೆ ರಜೆ. ಹಳೇ ವಿದ್ಯಾರ್ಥಿಗಳು ಬರುತ್ತಿದ್ದರು. ತೋರಣಗಲ್ಲಿನಲ್ಲಿ ಅಪ್ರೆಂಟಿಸ್ ಮಾಡುವವನು, ಬಳ್ಳಾರಿಯಲ್ಲಿ ನರ್ಸಿಂಗ್ ಓದುವವಳು, ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವವನು. ಐಟಿಐ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಹೋಗಬಹುದು. ಇದನ್ನು ನಾನು ಎಷ್ಟೋ ಸಲ ಹೇಳಿದ್ದೆ. ಮಕ್ಕಳು ನಂಬಿದ್ದು ತಮ್ಮ ಓಣಿಯ ಹುಡುಗ ಹೇಳಿದ ಮೇಲೆ. 371ಜೆ ಪ್ರಮಾಣಪತ್ರ, ಅಂದರೆ ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯ ಕಾಗದ, ಅದರ ಮಾತೂ ಹಾಗೇ. ನಮ್ಮ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು, ಉಳಿದ ಕಡೆ 8 ಪರ್ಸೆಂಟ್ ಈ ಕಾಗದದ ಮೇಲೆ ನಿಂತಿದೆ. ಅದಿಲ್ಲದೆ ಕೌನ್ಸೆಲಿಂಗಿಗೆ ಹೋಗಿ ಪೇಚಾಡಿದ ಕತೆಯನ್ನು ಒಬ್ಬಳು ಹೇಳಿದಳು. ಆ ವಾರವೇ ಅರ್ಧ ತರಗತಿ ಅದನ್ನು ಕೊಡುವ ಎಸಿ (ಅಸಿಸ್ಟೆಂಟ್ ಕಮಿಷನರ್) ಕಚೇರಿ ದಾರಿ ಹಿಡಿಯಿತು.

ಮೊದಲ ಬೇಸಿಗೆಗೆ ಬಂದವರು 17 ಮಕ್ಕಳು. ಸೈನ್ಸ್ ಸೇರಿದ 11 ಮಂದಿಯಲ್ಲಿ ದಸರಾ ಹೊತ್ತಿಗೆ ಬಿಟ್ಟವರು ಇಬ್ಬರು. ಬೆನ್ನು ತಟ್ಟಿಕೊಳ್ಳುವಷ್ಟೇನಿಲ್ಲ. ಆ ಬಿಸಿಲಲ್ಲಿ ನಡೆದು ಬಂದವರು ಮೊದಲೇ ಓದುವ ಹಟ ಇದ್ದವರು. ಮೆಣಸಿನಕಾಯಿ ಬಿಡಿಸಲು ಹೋದವರು ಬರಲೇ ಇಲ್ಲ, ಯಾರಿಗೆ ಹೆಚ್ಚು ಬೇಕಿತ್ತೋ ಅವರೇ. ಹುಡುಗಿಯರು ಮಾತ್ರ ಒಬ್ಬರೂ ತಪ್ಪಿಸಲಿಲ್ಲ. ಶಾಲೆ ನಡೆದಿದೆ ಅನ್ನುವ ನೆಪ ಇರುವ ತನಕ ಮನೆಯಲ್ಲಿ ಮದುವೆ ಮಾತು ಎತ್ತುವುದಿಲ್ಲ ಅಂತ ಒಬ್ಬಳು ಮೆಲ್ಲಗೆ ಹೇಳಿದ್ದಳು.

ಒಂದನ್ನೇ ಆರಿಸು ಅಂದರೆ ನಾನು ಬೇಸಿಗೆಯ ಎರಡು ತಾಸನ್ನೇ ಹಿಡಿಯುತ್ತೇನೆ. ಖರ್ಚು ನೋಟ್‌ಬುಕ್ಕು, ಸೀಮೆಸುಣ್ಣ, ಶನಿವಾರದ ಚಹಾ, ಅಷ್ಟೇ. ಕಸುಬಿನ ವಿಷಯ ಒಂಬತ್ತರಲ್ಲೇ ಸರಿಯಾಗಿ ಶುರುವಾದರೆ ಅದಕ್ಕೆ ಎರಡನೇ ಜಾಗ. ಪ್ಯಾಕೇಜು ಇರಲಿ, ಆದರೆ ಫೆಬ್ರವರಿಗೆ, ಪಟ್ಟಿಯಲ್ಲಿರುವವರಿಗೆ ಮಾತ್ರ.

ಈ ಬೇಸಿಗೆಗೆ ಹೊಸ ತಕರಾರು ಬಂದಿದೆ. ಫೇಲಾದವರಿಗೆ ಪರೀಕ್ಷೆ-2ರ, ಅಂದರೆ ಮತ್ತೆ ಬರೆಯುವ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕ್ಲಾಸು ಅದೇ ಹೊತ್ತಿಗೆ ನಡೆಸಬೇಕು ಅಂತ ಹೆಡ್‌ಮಾಸ್ಟರ್ ಹೇಳಿದ್ದಾರೆ. ಫ್ಯಾನ್ ತಿರುಗುವುದು ಒಂದೇ ಕೋಣೆಯಲ್ಲಿ. ಕೊನೆಗೆ ನನ್ನ ಕ್ಲಾಸನ್ನು ಆರೂವರೆಗೆ ಸರಿಸಿ, ಎಂಟೂವರೆಗೆ ಕೋಣೆ ಬಿಟ್ಟುಕೊಡುವುದೆಂದು ಒಪ್ಪಿಕೊಂಡಿದ್ದೇನೆ.